ನಲವತ್ತೆರಡನೇ ಕಂತಿನ ರಾಣಿ

ಅಪೂರ್ವಾಳ ಸಿಟ್ಟಿಗೆ ಆ ಶನಿವಾರ ಮಧ್ಯಾಹ್ನ ಕೋಲ್ಕತ್ತಾದ ಕಸ್ಬಾ ಬಡಾವಣೆಯ ಮಾಲ್ ಸುಟ್ಟು ಬೂದಿಯಾಗಬೇಕಿತ್ತು. ಫುಡ್ ಕೋರ್ಟಿನ ಎ.ಸಿ. ಜೋರಾಗಿದ್ದರಿಂದ ಉಳಿದುಕೊಂಡಿತು.

ಮೊಬೈಲಿನ ಕಥೆಗಳ ಆ್ಯಪ್ ಒಂದಕ್ಕೆ ಅವಳೂ ಚಂದ್ರಹಾಸನೂ ಸೇರಿ ಫ್ಯಾಂಟಸಿ ಧಾರಾವಾಹಿ ಬರೆಯುತ್ತಿದ್ದರು. ನ್ಯೂ ಟೌನ್‌ನ ಆಫೀಸಿನಲ್ಲಿ ಮೊಳೆತ ಪ್ರೀತಿ ಬೆಳೆದದ್ದು ಅದರಲ್ಲೇ. ಬೆಸ ಕಂತು ಅವನದು, ರಾಜಕುಮಾರನ ಕಥೆ. ಸಮ ಕಂತು ಅವಳದು, ರಾಣಿಯ ಕಥೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ತಾಳಿಗಿಂತ ಗಟ್ಟಿ ಕರಾರು ಅದು.

ಅವನ ರಾಜಕುಮಾರ ನಲವತ್ತೊಂದನೇ ಕಂತಿನ ಹೊತ್ತಿಗೆ ಹನ್ನೊಂದು ಹೆಣ್ಣುಗಳ ಜೊತೆ ಮಲಗಿದ್ದ. ಅವರಲ್ಲೊಬ್ಬಳು ಮತ್ಸ್ಯಕನ್ಯೆ, ಅದು ಹೇಗೆಂದು ಯಾರೂ ಕೇಳಲಿಲ್ಲ. ಓದುಗರು ಕಳಿಸಿದ ಕೆಂಪು ಹೃದಯಗಳನ್ನು ಜೋಡಿಸಿದ್ದರೆ ಹೌರಾಕ್ಕೆ ಇನ್ನೊಂದು ಸೇತುವೆಯಾಗುತ್ತಿತ್ತು. ಅವಳ ರಾಣಿ ಒಂದೇ ಒಂದು ಸಲ, ನಲವತ್ತೆರಡನೇ ಕಂತಿನಲ್ಲಿ, ಅಂಬಿಗನೊಬ್ಬನನ್ನು ತಾನಾಗಿ ಕೂಡಲು ಕರೆದಳು. ಗುರುವಾರ ಕಂತು ಬಂತು, ಶುಕ್ರವಾರ ಬೈಗುಳದ ಪ್ರಳಯ. ಶನಿವಾರ ತೆರೆದು ನೋಡಿದರೆ ರಾಣಿ ಯಾವನೋ ಮಾಂತ್ರಿಕನ ಮದ್ದು ಕುಡಿದು, ಮೈಮೇಲೆ ಎಚ್ಚರವಿಲ್ಲದೆ ಅವನ ದೋಣಿ ಹತ್ತಿದ್ದಳು.

ಆ್ಯಪ್‌ನವರೇ ತಿದ್ದಿದ್ದಾರೆಂದು ಅಪೂರ್ವಾ ಅಲ್ಲಿನ ಸಂಪಾದಕಿ ಮೈತ್ರಿಗೆ ಫೋನ್ ಮಾಡಿ ಜಗಳಕ್ಕೆ ನಿಂತಳು. ಬದಲಾವಣೆ ಬಂದದ್ದು ಚಂದ್ರಹಾಸನ ಲಾಗಿನ್‌ನಿಂದ ಎಂದು ಮೈತ್ರಿ ತಣ್ಣಗೆ ಹೇಳಿದಳು.

ಎದುರಿಗೇ ಕೂತು ಎಗ್ ರೋಲ್ ತಿನ್ನುತ್ತಿದ್ದ ಚಂದ್ರಹಾಸ ಕಣ್ಣು ತಗ್ಗಿಸಿದ. ಆ ಕಣ್ಣುಗಳಿಗಾಗಿ ಅವಳು ಬೆಂಗಳೂರಿನಲ್ಲಿ ಸಿಕ್ಕ ಎರಡು ಕೆಲಸ ಬೇಡವೆಂದು, ಕಲ್ಲೂ ಬೆವರುವ ಕೋಲ್ಕತ್ತಾದ ಮೂರು ಬೇಸಿಗೆ ಕಳೆದಿದ್ದಳು.

“ಅಮ್ಮ ಓದ್ತಾರೆ ಕಣೇ,” ಎಂದ. “ರಾಣಿ ಕಂತು ನಿಂದು ಅಂತ ಅವ್ರಿಗೆ ಗೊತ್ತು. ಗೊತ್ತಿಲ್ದೆ ಆಗಿದ್ದು ಅಂದ್ರೆ ಯಾರಾದ್ರೂ ಕ್ಷಮಿಸ್ತಾರೆ.”

ಮುಂದಿನ ತಿಂಗಳು ಮೈಸೂರಿನಲ್ಲಿ ಇವರ ನಿಶ್ಚಿತಾರ್ಥ. ಅವನಿಗಿಂತ ಮೊದಲು ತನಗೊಬ್ಬ ಪ್ರಿಯಕರ ಇದ್ದನೆಂದು ಅವಳು ಎಂದೋ ಹೇಳಿದ್ದಳು. ಅಮ್ಮನಿಗೆ ತಾನೇ ತಿಳಿಸುತ್ತೇನೆಂದು ಅವನು ಒಪ್ಪಿಕೊಂಡಿದ್ದ. ಅವಳ ಎದೆಯೊಳಗೆ ಈಗ ಹಿಮಾಲಯವೇ ಇಳಿದು ಕೂತಿತು.

“ನನ್ ವಿಷ್ಯ ಅಮ್ಮನ ಹತ್ರ ಏನಂತ ಹೇಳಿದೀಯ?”

ಅವನು ರೋಲಿನ ಕಾಗದವನ್ನು ಮಡಚಿದ, ಬಿಚ್ಚಿದ. “ಅವ್ನು ನಿಂಗೆ ಮೋಸ ಮಾಡ್ದ ಅಂತ.”

“ಯಾರೂ ಮೋಸ ಮಾಡಿಲ್ಲ ಚಂದ್ರು. ನಾನೇ ಇಷ್ಟಪಟ್ಟಿದ್ದೆ. ನಿಂದು? ನಿಂಗಿದ್ದ ಆ ಮೂವರು ಹುಡುಗೀರ ವಿಷ್ಯ?”

“ನಂದು ಅವ್ರು ಕೇಳ್ಲೇ ಇಲ್ವಲ್ಲ.”

ಈಗಲೇ ಫೋನ್ ಮಾಡಿ ನಿಜ ಹೇಳು ಎಂದಳು. ಅವನು ಫೋನಿನಲ್ಲಿ ಅಮ್ಮನ ಹೆಸರು ಹುಡುಕಿ ತೆರೆದ. ಬೆರಳು ಅದರ ಮೇಲೆ ನಿಂತಿತು. ಅಷ್ಟು ಹೊತ್ತಿಗೆ ಮೂರು ಸಾಮ್ರಾಜ್ಯಗಳು ಎದ್ದು ಬಿದ್ದಿರಬೇಕು. ಪರದೆ ತಾನಾಗಿ ಕಪ್ಪಾಯಿತು.

“ಮದ್ವೆ ಆದ್ಮೇಲೆ ಹೇಳೋಣ, ಅಪ್ಪೂ.” ಅವನ ಕಣ್ಣು ನಿಜಕ್ಕೂ ತುಂಬಿತ್ತು.

ತುಟಿಯ ಅಂಚಿಗೆ ಸಾಸ್ ಅಂಟಿತ್ತು. ಅವಳು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದಳು. ಒರೆಸಿ ಮುಗಿದ ಮೇಲೂ ಬೆರಳು ಸ್ವಲ್ಪ ಹೊತ್ತು ಅಲ್ಲೇ ಇತ್ತು.

“ಮೋಸ ಹೋದೋಳಾಗಿ ನಿಮ್ಮನೆಗೆ ಬರಲ್ಲ ಕಣೋ,” ಎಂದು ಎದ್ದಳು.

ಟಾಲಿಗಂಜ್ ಕಡೆಯ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಮೈಸೂರಿನಲ್ಲಿದ್ದ ಅವನ ಅಮ್ಮನ ನಂಬರಿಗೆ ತಾನೇ ಫೋನ್ ಮಾಡಿದಳು.

“ಆಂಟಿ, ನಾನು ಅಪೂರ್ವಾ. ನಿಶ್ಚಿತಾರ್ಥ ಬೇಡ. ನಂಗ್ಯಾರೂ ಮೋಸ ಮಾಡಿರ್ಲಿಲ್ಲ, ಅದನ್ನ ಹೇಳೋಕೆ ಫೋನ್ ಮಾಡ್ದೆ.”