ಒಂದೇ ಸಲಕ್ಕೆ ಸರಿ ಉತ್ತರ

ಗುರುವಾರ ಬೆಳಗ್ಗೆ ಏಳೂ ನಲವತ್ತು. ಎಲೆಯಲ್ಲಿ ಕಟ್ಟಿಸಿಕೊಂಡು ಬಂದಿದ್ದ ವಾಚೆಯ, ಅದೇ ಅಲಸಂದೆ ಅನ್ನದ, ಮೊದಲ ತುತ್ತನ್ನು ನಾನಿನ್ನೂ ಬಾಯಿಗಿಟ್ಟಿರಲಿಲ್ಲ. ನಮ್ಮ ಎಂಜಿನಿಯರ್ ಸೆಲಾಸಿ ಏದುಸಿರು ಬಿಡುತ್ತ ಓಡಿಬಂದಳು.

“ಅರಾಬಾ ಅಕ್ಕಾ, ಪಟ್ಟಿ ಇಲ್ಲ!”

“ಯಾವ ಪಟ್ಟಿನೇ?”

“ಸೇತುವೆ ಪಟ್ಟಿ! ಆರು ಲಕ್ಷ ರೋಗಿಗಳದ್ದು. ಒಂದು ಸಾಲೂ ಉಳಿದಿಲ್ಲ!”

ತುತ್ತು ಎಲೆಗೇ ವಾಪಸು ಹೋಯಿತು.

ಆ ಪಟ್ಟಿ ಏನೆಂದು ಹೇಳಿಬಿಡುತ್ತೇನೆ. ಅಕ್ರಾದಲ್ಲಿ ಮುಖ್ಯ ಕಚೇರಿ ಇರುವ ನಮ್ಮ ಸಂಸ್ಥೆಗೆ ಹನ್ನೊಂದು ಆಸ್ಪತ್ರೆಗಳು. ಒಂದೊಂದರಲ್ಲೂ ಬೇರೆ ಬೇರೆ ಫೈಲು, ಬೇರೆ ಬೇರೆ ನಂಬರು. ಕುಮಾಸಿಯಲ್ಲಿ ಚಿಕಿತ್ಸೆ ಪಡೆದವನು ತಮಾಲೆಗೆ ಹೋದರೆ ಅಲ್ಲಿ ಅವನು ಹೊಸಬ; ಯಾವ ಔಷಧಿ ಅವನಿಗೆ ಒಗ್ಗುವುದಿಲ್ಲ ಎಂಬುದು ಯಾರಿಗೂ ಗೊತ್ತಿಲ್ಲ. ಹಳೆಯ ನಂಬರುಗಳನ್ನೆಲ್ಲ ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಜೋಡಿಸುವುದೇ ಸೇತುವೆ ಪಟ್ಟಿ. ಮೂರು ವರ್ಷ ಹನ್ನೊಂದು ಊರು ಸುತ್ತಿ ಅದನ್ನು ಕಟ್ಟಿದವರು ಕ್ವಾಕು ನ್ಯಾಂಟಾಚಿ. ಮೂವತ್ತೊಂದು ವರ್ಷದ ಸೇವೆ. ಇಡೀ ಕಚೇರಿಗೆ ಅವರು ಕ್ವಾಕು ಮಾವ. ಸೋಮವಾರ ಹೊಸ ವ್ಯವಸ್ಥೆ ಶುರು, ಮುಂದಿನ ತಿಂಗಳು ಮಾವನ ನಿವೃತ್ತಿ ಎಂದು ನಿಗದಿಯಾಗಿತ್ತು.

“ಅಳಿಸಿದ್ದು ಯಾರು?” ಎಂದೆ.

ಸೆಲಾಸಿ ಮುಖ ತಗ್ಗಿಸಿದಳು. “ಯಂತ್ರದಲ್ಲಿ ಕ್ವಾಕು ಮಾವನ ಹೆಸರಿದೆ, ಅಕ್ಕಾ.”

ನಾನು ಎಲೆ ಮಡಚಿಟ್ಟು ಎದ್ದೆ.

ನಾನು ಮಾಹಿತಿ ವಿಭಾಗದ ಮುಖ್ಯಾಧಿಕಾರಿಯ ಕಾರ್ಯದರ್ಶಿ. ಹನ್ನೊಂದು ವರ್ಷದಲ್ಲಿ ಐದು ಮುಖ್ಯಾಧಿಕಾರಿಗಳನ್ನು ಕಂಡಿದ್ದೇನೆ, ಐದು ಬೀಳ್ಕೊಡುಗೆ ಕೇಕುಗಳಿಗೆ ನಾನೇ ಓಡಾಡಿದ್ದೇನೆ. ಪ್ರತಿಯೊಬ್ಬರೂ ಬಂದ ವಾರವೇ ಹಳಬರನ್ನು ಮೂಲೆಗೆ ತಳ್ಳಿ, ಹೊರಗಿನ ಕಂಪನಿಯ ಕೈಗೆ ಎಲ್ಲ ಕೊಟ್ಟು, ಅದು ಕೈಕೊಟ್ಟಾಗ ತಾವೂ ಗಂಟುಮೂಟೆ ಕಟ್ಟಿದವರು. ಆರನೆಯವರು ಸುವೈಬಾ ಇದ್ರಿಸು, ತಮಾಲೆಯವರು. ಬಂದ ಮೊದಲ ದಿನವೇ ಫೈಲು ಕೋಣೆಯ ಧೂಳಿನಲ್ಲಿ ಕ್ವಾಕು ಮಾವನ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. “ಈ ಮುದುಕನನ್ನ ಯಾಕೆ ಇಟ್ಕೊಂಡಿದೀರಿ?” ಎಂದು ಆಡಳಿತ ಮಂಡಳಿ ಕೇಳಿದಾಗ, “ಇವರನ್ನ ಕಳಿಸೋದಾದ್ರೆ ನನ್ನನ್ನೂ ಕಳಿಸಿ” ಎಂದಿದ್ದರು. ಈಗ ಆ ಮಾತೇ ಅವರ ಕೊರಳಿಗೆ ಸುತ್ತಿಕೊಂಡಿತ್ತು.

ಎಂಟಕ್ಕೆ ಸುವೈಬಾ ಮೇಡಂ ಬಂದರು. ಕೂಗಾಡಲಿಲ್ಲ. ಸೆಲಾಸಿಯ ಪಕ್ಕ ಕುರ್ಚಿ ಎಳೆದುಕೊಂಡರು.

“ಯಾರು ಅನ್ನೋದು ಆಮೇಲೆ. ಏನಾಯ್ತು, ಹೇಳು.”

“ನಿನ್ನೆ ಸಂಜೆ ಐದೂ ಐವತ್ತೆರಡು, ಮೇಡಂ. ಮೂರನೇ ಮಹಡಿ ಮೀಟಿಂಗ್ ರೂಮಿನ ಕಂಪ್ಯೂಟರ್. ಮಾವನ ಹೆಸರು ಹಾಕಿ, ಪಾಸ್‌ವರ್ಡ್ ಮರೆತಿದೀನಿ ಅಂತ ಒತ್ತಿದಾರೆ. ಗುಟ್ಟಿನ ಪ್ರಶ್ನೆ ಬಂದಿದೆ. ಉತ್ತರ ಸರಿಯಾಗಿದೆ. ಹೊಸ ಪಾಸ್‌ವರ್ಡ್ ಹಾಕಿ ಪಟ್ಟಿ ಅಳಿಸಿದಾರೆ. ಇಲ್ಲಿದ್ದ ನಕಲನ್ನೂ ಬಿಟ್ಟಿಲ್ಲ.”

“ಕುಮಾಸಿಯಲ್ಲಿರೋ ನಕಲು?”

“ಅದಿದೆ. ಆದ್ರೆ ಶನಿವಾರದ್ದು. ನಾಲ್ಕು ದಿನದ ತಿದ್ದುಪಡಿ ಅದ್ರಲ್ಲಿಲ್ಲ.”

“ಉತ್ತರ ಎಷ್ಟನೇ ಸಲಕ್ಕೆ ಸರಿಯಾಯ್ತು?”

“ಮೊದಲನೇ ಸಲಕ್ಕೇ. ಒಂದೇ ಸಲ.”

“ಪ್ರಶ್ನೆ ಏನು?”

ಸೆಲಾಸಿಗೆ ಆ ಹೊತ್ತಿನಲ್ಲೂ ನಗು ತಡೆಯಲಿಲ್ಲ. “ನೀವು ಹುಟ್ಟಿದ ವಾರ ಯಾವುದು?”

ನಾನು ಹಣೆ ಚಚ್ಚಿಕೊಂಡೆ. ಯಾವ ದೇಶದ ಕಂಪನಿಯೋ ಏನೋ, ಈ ಪ್ರಶ್ನೆ ಇಟ್ಟವರು! ನಮ್ಮಲ್ಲಿ ಮಗು ಹುಟ್ಟಿದ ವಾರವೇ ಅದರ ಹೆಸರು. ಬುಧವಾರ ಹುಟ್ಟಿದ ಗಂಡುಮಗು ಕ್ವಾಕು. ಮಂಗಳವಾರ ಹುಟ್ಟಿದ ನಾನು ಅರಾಬಾ. ಹೆಸರು ಹಿಡಿದು ಕರೆದರೆ ಸಾಕು, ಗುಟ್ಟು ಬಯಲು. ಕಾವಲಿನವನಿಂದ ಹಿಡಿದು ಅಧ್ಯಕ್ಷರವರೆಗೆ ನಾನೂರು ಜನರಲ್ಲಿ ಯಾರು ಬೇಕಾದರೂ ಆ ಬಾಗಿಲು ತೆಗೆಯಬಹುದಿತ್ತು. ಮೂರನೇ ಮಹಡಿಯ ಕ್ಯಾಮೆರಾ ಮಾತ್ರ ಎರಡು ವರ್ಷದಿಂದ ರಿಪೇರಿಗೆ ಹೋಗಿದೆ.

ಅಷ್ಟರಲ್ಲಿ ಉಪಮುಖ್ಯಾಧಿಕಾರಿ ಫ್ರೆಡ್ ಲಾರ್ಬಿ ಬಾಗಿಲಲ್ಲಿ ಕಾಣಿಸಿಕೊಂಡರು. ಇಸ್ತ್ರಿ ಮುರಿಯದ ಸೂಟು, ಮುಖದಲ್ಲಿ ತೂಕಮಾಡಿ ಇಟ್ಟ ದುಃಖ.

“ಅಧ್ಯಕ್ಷರಿಗೆ ನಾನೇ ಫೋನ್ ಮಾಡಿ ತಿಳಿಸಿದೆ, ಮೇಡಂ. ಮುಚ್ಚಿಡೋ ವಿಷಯ ಅಲ್ಲ ನೋಡಿ. ಮಧ್ಯಾಹ್ನ ಎರಡಕ್ಕೆ ಸಭೆ. ಪೊಲೀಸರಿಗೆ ಒಪ್ಪಿಸೋ ಮಾತಾಡ್ತಿದಾರೆ. ಪಾಪ, ಮುದುಕರು.”

ಆ ‘ಪಾಪ’ ಕೇಳಿ ನನಗೆ ಮೈ ಉರಿಯಿತು.

ಉಳಿದದ್ದು ಐದೂವರೆ ಗಂಟೆ. ಮೇಡಂ ಮೊದಲು ಕರೆದದ್ದು ಕ್ವಾಕು ಮಾವನನ್ನು. ಕೈಯಲ್ಲಿ ಎಂದಿನ ನೀಲಿ ರಟ್ಟಿನ ನೋಟುಪುಸ್ತಕ.

“ನಿನ್ನೆ ಸಂಜೆ ಎಲ್ಲಿದ್ರಿ, ಮಾವ?”

“ಐದಕ್ಕೆ ಹೊರಟೆ ತಾಯಿ. ಟ್ರೋಟ್ರೋ ವ್ಯಾನು ಹತ್ತಿ ಕೂತೆ. ನಿದ್ದೆ ಬಂತು.”

“ನೋಡಿದೋರು ಯಾರಾದ್ರೂ?”

“ನಿದ್ದೆ ಮಾಡೋ ಮುದುಕನ್ನ ಯಾರು ನೋಡ್ತಾರೆ?” ನೋಟುಪುಸ್ತಕವನ್ನು ಮೇಜಿನ ಮೇಲಿಟ್ಟರು. “ನನ್ನ ಮೊಮ್ಮಕ್ಕಳ ಹೆಸರು ಮರೀತೀನಿ, ಆ ಪಟ್ಟಿ ಮರೆಯಲ್ಲ. ನಾನು ಅದನ್ನ ಅಳಿಸ್ತೀನಾ? ಕಳ್ಳ ಅನ್ನಿಸ್ಕೊಂಡು ಮನೆಗೆ ಹೆಂಗೆ ಹೋಗಲಿ?”

ಮೇಡಂ ಮಾವನ ಕೈಯನ್ನು ಗಟ್ಟಿಯಾಗಿ ಹಿಡಿದು ಬಿಟ್ಟರು.

ಸೆಲಾಸಿಯನ್ನೂ ಬಿಡಲಿಲ್ಲ. “ಮಂಗಳವಾರ ಮಾವನ ಜೊತೆ ಜಗಳ ಆಡಿದ್ಯಂತೆ?”

“ಆಡಿದ್ದೆ. ಪ್ರತಿ ತಿದ್ದುಪಡೀನೂ ನೋಟ್‌ಬುಕ್ಕಲ್ಲಿ ಬರ್ಕೊತಾರೆ, ಎಲ್ಲಾ ತಡ ಆಗುತ್ತೆ ಅಂತ ರೇಗಿದೆ. ಅಷ್ಟಕ್ಕೆ ನನ್ನ ಮೂರು ವರ್ಷದ ಕೆಲಸಾನೂ ನಾನೇ ಸುಡ್ತೀನಾ, ಮೇಡಂ?”

ದಾಖಲೆ ಕೋಣೆಗಳ ಮುಖ್ಯಸ್ಥೆ ಗಿಫ್ಟಿ ಅಂಪೊಮಾ ಸೊಂಟಕ್ಕೆ ಕೈಯಿಟ್ಟೇ ಒಳಗೆ ಬಂದಳು. “ನಾನು ಮೊದ್ಲೇ ಹೇಳಿರಲಿಲ್ವಾ? ನನ್ನ ಕಾಗದದ ಫೈಲು ಒಂದೇ ಸಂಜೇಲಿ ಮಾಯ ಆಗಿದ್ದುಂಟಾ?”

“ಸಂಜೆ ಐದೂ ಐವತ್ತಕ್ಕೆ ಎಲ್ಲಿದ್ರಿ?”

“ಗೇಟಿನ ಹತ್ರ ಕೆಂಕಿ ಕಡುಬು ಮಾರೋಳ ಜೊತೆ ಜಗಳ ಆಡ್ತಿದ್ದೆ. ಮೀನು ಚಿಕ್ಕದು ಕೊಟ್ಟಿದ್ಲು. ಅರ್ಧ ರಸ್ತೆ ನಿಂತು ನೋಡ್ತಿತ್ತು. ಕೇಳಿ ಹೋಗಿ!”

ಕೇಳಿದೆ. ನಿಜವೇ. ಅರ್ಧ ರಸ್ತೆಯಲ್ಲ, ಇಡೀ ರಸ್ತೆ ನೋಡಿತ್ತಂತೆ.

ಕೊನೆಗೆ ಲಾರ್ಬಿಯ ಕೋಣೆಗೆ ನಾವೇ ಹೋದೆವು. ಗೋಡೆ ತುಂಬ ಚೌಕಟ್ಟುಗಳು: ಪ್ರಮಾಣಪತ್ರ, ಪದಕ, ಎಲ್ಲಕ್ಕೂ ಮೇಲೆ ದೊಡ್ಡದೊಂದು ಫೋಟೋ. ಯಾವುದೋ ಚರ್ಚಿನ ಸುಗ್ಗಿ ಹಬ್ಬಕ್ಕೆ ಇವರು ಅತಿಥಿ ಅಧ್ಯಕ್ಷರು. ಕೆಂಟೆ ಬಟ್ಟೆ ಹೊದ್ದು, ಎತ್ತರದ ಕುರ್ಚಿಯಲ್ಲಿ ಹೊಟ್ಟೆ ಮುಂದೆ ಮಾಡಿಕೊಂಡು ಕೂತಿದ್ದಾರೆ. ಅದನ್ನು ತೂಗುಹಾಕಿ ಒಂದು ತಿಂಗಳಾಗಿತ್ತು; ಬಂದವರಿಗೆಲ್ಲ ತೋರಿಸದೆ ಬಿಡುತ್ತಿರಲಿಲ್ಲ.

“ಐದೂವರೆಗೇ ಹೊರಟೆ, ಮೇಡಂ. ನಾನೇ ಕಾರು ಓಡಿಸಿಕೊಂಡು.”

“ಕ್ವಾಕು ಮಾವನ ಬಗ್ಗೆ ನಿಮಗೆ ಏನು ಗೊತ್ತು?”

“ಏನೂ ಇಲ್ಲ. ಕಚೇರಿ ಹೊರಗೆ ಅವರ ಮುಖ ಕೂಡ ಕಂಡವನಲ್ಲ ನಾನು.”

ಹತ್ತೂವರೆ ಆಗಿತ್ತು. ನಾವು ಮೇಡಂ ಕೋಣೆಗೆ ವಾಪಸಾದಾಗ ಸೆಲಾಸಿಯೂ ಕ್ವಾಕು ಮಾವನೂ ಅಲ್ಲೇ ಕಾಯುತ್ತಿದ್ದರು. ಮೇಡಂ ಸೀದಾ ಕಂಪ್ಯೂಟರಿನ ಬಳಿ ಹೋದರು.

“ಸೆಲಾಸಿ, ಇದೇ ಪ್ರಶ್ನೆಗೆ ಮಾವನ ಹೆಸರಲ್ಲಿ ಈಗ ನೀನು ಉತ್ತರ ಹಾಕು. ನಮ್ಮ ಕಣ್ಣೆದುರಿಗೇ.”

ಸೆಲಾಸಿ ‘ಬುಧವಾರ’ ಎಂದು ಒತ್ತಿದಳು.

ಪರದೆಯ ಮೇಲೆ ಕೆಂಪು ಅಕ್ಷರ. ತಪ್ಪು ಉತ್ತರ.

“ಅಯ್ಯೋ, ಇದೇನಿದು?” ಎಂದೆ. ಮೂವರೂ ಮಾವನ ಕಡೆ ತಿರುಗಿದೆವು.

ಮಾವ ತಲೆ ಕೆರೆದುಕೊಂಡರು. “ನಾನು ಹುಟ್ಟಿದ್ದು ಭಾನುವಾರ ತಾಯಿ. ಅಮ್ಮನ ಅಣ್ಣ ಕ್ವಾಕು ಅಂತ. ಅಮ್ಮನ್ನ ಸಾಕಿ ಬೆಳೆಸಿದ್ದು ಅವನೇ. ನಾನು ಹುಟ್ಟೋ ಮುಂಚೆ ತೀರ್ಕೊಂಡ. ಅವನ ಹೆಸರನ್ನೇ ಇಟ್ರು. ನಿಜವಾಗಿ ಕ್ವಾಸಿ ಅನ್ನಬೇಕಿತ್ತು. ಕಚೇರೀಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.”

ಸೆಲಾಸಿ ಕೀಲಿಮಣೆಯಿಂದ ಕೈ ತೆಗೆದಳು. ಇಷ್ಟು ಹೊತ್ತು ನಾನೂರು ಜನರ ಮೇಲೆ ಹಂಚಿಹೋಗಿದ್ದ ಅನುಮಾನ ಈಗ ಒಬ್ಬರ ಮೇಲೇ ಬಂದು ಕೂತಿತ್ತು. ಮೊದಲ ಸಲಕ್ಕೇ ‘ಭಾನುವಾರ’ ಎಂದು ಹಾಕಲು ಮಾವನಲ್ಲದೆ ಇನ್ನಾರಿಗೆ ಸಾಧ್ಯ?

ಮೇಡಂ ಮುಖದಲ್ಲಿ ಮಾತ್ರ ಬೆಳಕು. “ಅರಾಬಾ ಅಕ್ಕಾ, ನೀವು ಚರ್ಚಿಗೆ ಹೋಗೋರು. ಇವರು ಭಾನುವಾರ ಹುಟ್ಟಿದ್ದು ಹೊರಗಿನೋರಿಗೆ ಗೊತ್ತಾಗೋ ದಾರಿ ಯಾವುದಾದ್ರೂ ಇದೆಯಾ?”

“ಯಾಕಿಲ್ಲ? ಸುಗ್ಗಿ ಹಬ್ಬದ ದಿನ ಕಾಣಿಕೆ ಹಾಕೋದೇ ವಾರದ ಪ್ರಕಾರ. ಸೋಮವಾರದೋರು ಒಂದು ಸಾಲು, ಮಂಗಳವಾರದೋರು ಒಂದು ಸಾಲು. ಕರವಸ್ತ್ರ ಬೀಸ್ಕೊಂಡು, ಕುಣ್ಕೊಂಡು ಹೋಗ್ತೀವಿ. ಯಾವ ವಾರದೋರು ಗೆಲ್ತಾರೆ ಅಂತ ಪೈಪೋಟಿ ಬೇರೆ.”

“ಹೆಸರಿನ ಪ್ರಕಾರ ಅಲ್ವಾ?”

“ದೇವರ ಮುಂದೆ ಸುಳ್ಳು ಸಾಲಲ್ಲಿ ನಿಲ್ಲೋಕಾಗುತ್ತಾ? ಹುಟ್ಟಿದ ವಾರವೇ.”

“ಮಾವ, ನೀವು?”

“ಭಾನುವಾರದ ಸಾಲಲ್ಲಿ ಮೊದಲನೇ ಕುಣಿತ ನಂದೇ,” ಎಂದರು ಮಾವ. ಆ ದುಃಖದಲ್ಲೂ ಸ್ವಲ್ಪ ಜಂಬ ಇಣುಕಿತು.

ಮೇಡಂ ನನ್ನ ಕಿವಿಯಲ್ಲಿ ಒಂದು ಕೆಲಸ ಹೇಳಿದರು. ಕೇಳಿ ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ. “ಈ ಪರೀಕ್ಷೆ ವಿಷಯ ನಾವು ನಾಲ್ವರಿಗೆ ಬಿಟ್ಟು ಐದನೆಯೋರಿಗೆ ಗೊತ್ತಾಗಬಾರದು,” ಎಂದರು.

ಎರಡು ಗಂಟೆ. ಉದ್ದನೆಯ ಮೇಜು, ಒಂಬತ್ತು ಸದಸ್ಯರು, ನಡುವೆ ಅಧ್ಯಕ್ಷ ಡಾ. ಒಕಾಂಟಿ. ಪ್ರತಿಯೊಬ್ಬರ ಮುಂದೆ ಲಾರ್ಬಿ ಒಂದೊಂದು ಬಣ್ಣದ ರಟ್ಟಿನ ಪುಸ್ತಕ ಇಟ್ಟಿದ್ದರು. ಮೂಲೆಯ ಕುರ್ಚಿಯಲ್ಲಿ ಕ್ವಾಕು ಮಾವ, ಅಪರಾಧಿಯ ಹಾಗೆ.

“ಮೇಡಂ ಇದ್ರಿಸು,” ಎಂದರು ಅಧ್ಯಕ್ಷರು, “ಇವರಿಗೆ ನೀವೇ ಜಾಮೀನು ನಿಂತಿದ್ರಿ. ಈಗ ಏನು ಹೇಳ್ತೀರಿ?”

“ಮೊದಲು ನನ್ನ ತಪ್ಪು ಹೇಳ್ತೀನಿ, ಸರ್. ಗುಟ್ಟಿನ ಪ್ರಶ್ನೆ ಹೊರದೇಶದಿಂದ ಬಂತು. ನಾನು ಓದದೆ ಸಹಿ ಹಾಕಿದೆ. ಹುಟ್ಟಿದ ವಾರ ಯಾವುದು ಅಂತ ಕೇಳುತ್ತೆ ಅದು! ಇವರ ಹೆಸರು ಕ್ವಾಕು. ಬುಧವಾರ ಅಂತ ಈ ದೇಶದಲ್ಲಿ ಯಾರು ಬೇಕಾದ್ರೂ ಹೇಳ್ತಾರೆ. ಹಾಗಾಗಿ ಇದನ್ನ ಯಾರು ಬೇಕಾದ್ರೂ ಮಾಡಿರಬಹುದು.”

ಸದಸ್ಯರು ತಲೆದೂಗಿದರು. ಗಾಳಿ ಮಾವನ ಕಡೆ ಬೀಸತೊಡಗಿತ್ತು. ಲಾರ್ಬಿಗೆ ಅದನ್ನು ನೋಡಿಕೊಂಡು ಕೂರಲಾಗಲಿಲ್ಲ.

“ಕ್ಷಮಿಸಿ, ಇದು ದಾರಿ ತಪ್ಪಿಸೋ ಮಾತು!” ಎಂದು ಎದ್ದು ನಿಂತರು. “ಬೇರೆ ಯಾರೇ ಆಗಿದ್ರೂ ಬುಧವಾರ ಅಂತಲೇ ಹಾಕಿ ಸಿಕ್ಕಿಬೀಳ್ತಿದ್ರು. ಬಾಗಿಲು ತೆಗೀತಾನೇ ಇರಲಿಲ್ಲ. ಸರಿ ಉತ್ತರ ಗೊತ್ತಿದ್ದದ್ದು ಇವರಿಗೆ ಒಬ್ಬರಿಗೇ!”

ಮೇಡಂ ಅವರತ್ತ ತಿರುಗಿದರು.

“ಬುಧವಾರ ತಪ್ಪು ಉತ್ತರ ಅಂತ ನಿಮಗೆ ಯಾರು ಹೇಳಿದ್ರು, ಫ್ರೆಡ್?”

“ಅದು… ಯಂತ್ರದ ದಾಖಲೇಲಿ…”

“ದಾಖಲೇಲಿ ಸರಿ, ತಪ್ಪು ಅಷ್ಟೇ ಇರುತ್ತೆ. ಉತ್ತರ ಇರಲ್ಲ. ಸೆಲಾಸಿ?”

“ಇರಲ್ಲ, ಮೇಡಂ.”

“ಬುಧವಾರ ಅಲ್ಲ ಅನ್ನೋದು ಇವತ್ತು ಬೆಳಗ್ಗೆ ಹತ್ತೂವರೆ ತನಕ ನನಗೂ ಗೊತ್ತಿರಲಿಲ್ಲ. ಈಗಲೂ ಈ ಕಟ್ಟಡದಲ್ಲಿ ನಾಲ್ವರಿಗೆ ಮಾತ್ರ ಗೊತ್ತು. ಐದನೆಯವರು ನೀವು. ಹೇಗೆ?”

“ಊಹೆ, ಮೇಡಂ. ಬರೀ ಊಹೆ.” ಹಣೆಯ ಬೆವರು ಒರೆಸಿಕೊಂಡರು.

“ಇವರು ಯಾವ ಚರ್ಚಿಗೆ ಹೋಗ್ತಾರೆ ಗೊತ್ತಾ?”

“ಗೊತ್ತಿಲ್ಲ. ಬೆಳಗ್ಗೇನೇ ಹೇಳಿದ್ನಲ್ಲ, ಕಚೇರಿ ಹೊರಗೆ ಇವರ ಮುಖ ಕಂಡವನಲ್ಲ!”

“ಅರಾಬಾ ಅಕ್ಕಾ,” ಎಂದರು ಮೇಡಂ.

ಬಾಗಿಲ ಹೊರಗೆ ಒರಗಿಸಿಟ್ಟಿದ್ದನ್ನು ನಾನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಮೇಜಿನ ನಡುವೆ ಇಟ್ಟೆ. ಲಾರ್ಬಿಯ ಗೋಡೆಯ ಮೇಲಿನ ಫೋಟೋ! ಎಷ್ಟು ಭಾರವೆಂದರೆ ಇವತ್ತಿಗೂ ಭುಜ ನೋಯುತ್ತದೆ. ಆದರೂ ಇನ್ನೊಮ್ಮೆ ಹೊರಲು ನಾನು ತಯಾರು.

“ಇದನ್ನ ಒಂದು ತಿಂಗಳಿಂದ ನಾವೆಲ್ಲ ನೋಡ್ತಿದೀವಿ, ಸರ್,” ಎಂದರು ಮೇಡಂ. “ಎಲ್ಲರೂ ಕುರ್ಚಿ ಮೇಲಿರೋ ಅತಿಥಿ ಅಧ್ಯಕ್ಷರನ್ನ ನೋಡಿದ್ವಿ. ಅವರ ಹಿಂದೆ ಏನಿದೆ ಅಂತ ಯಾರೂ ನೋಡಲಿಲ್ಲ. ಈ ಸಾಲು ನೋಡಿ. ಈ ಫಲಕ ಓದಿ.”

ಡಾ. ಒಕಾಂಟಿ ಕನ್ನಡಕ ಏರಿಸಿ ಬಗ್ಗಿದರು. “ಭಾನುವಾರದವರು.”

“ಸಾಲಿನ ಮುಂದೆ ಕರವಸ್ತ್ರ ಬೀಸ್ತಾ ಕುಣೀತಿರೋರು?”

ಎಲ್ಲರೂ ಮೂಲೆಯ ಕುರ್ಚಿಯತ್ತ ತಿರುಗಿದರು.

“ಹಬ್ಬದ ದಿನ ಫ್ರೆಡ್ ವೇದಿಕೆ ಮೇಲೆ ಕೂತು, ಕ್ವಾಕು ಅನ್ನೋ ಹೆಸರಿನೋರು ಭಾನುವಾರದ ಸಾಲಲ್ಲಿ ಕುಣಿಯೋದನ್ನ ಕಂಡ್ರು. ಆ ಗುಟ್ಟು ಉಪಯೋಗಕ್ಕೆ ಬರುತ್ತೆ ಅಂತ ಇಟ್ಕೊಂಡ್ರು. ನಿನ್ನೆ ಬಂತು. ತಡವರಿಸದೆ ಒಂದೇ ಸಲಕ್ಕೆ ಸರಿ ಉತ್ತರ ಹಾಕಿದ್ರು. ಅದೇ ಅವರನ್ನ ಹಿಡ್ಕೊಡ್ತು. ಇವರ ವಾರ ಗೊತ್ತಿಲ್ಲದ ಕಳ್ಳ ಆಗಿದ್ರೆ ಮೊದಲು ಬುಧವಾರ ಅಂತ ಹಾಕಿ ಎಡವ್ತಿದ್ದ. ಕಾರಣ ಬೇಕಾ? ನಿಮ್ಮ ಮುಂದಿರೋ ಪುಸ್ತಕ ತೆಗೀರಿ.”

ಅಧ್ಯಕ್ಷರು ರಟ್ಟು ತೆರೆದು ಓದಿದರು. “‘ಸೇತುವೆ ಪಟ್ಟಿ ನಾಶವಾದ ನಂತರ ಕೆಲಸವನ್ನು ಹೊರಗಿನ ಕಂಪನಿಗೆ ವಹಿಸುವ ಯೋಜನೆ. ಉಸ್ತುವಾರಿ: ಫ್ರೆಡ್ ಲಾರ್ಬಿ.’ ಇದನ್ನ ಯಾವಾಗ ಮುದ್ರಿಸಿದ್ರಿ?”

ಕೊನೆಯ ಪುಟದ ಅಡಿಯಲ್ಲಿ ಮುದ್ರಣದಂಗಡಿಯವನು ಚೊಕ್ಕವಾಗಿ ತಾರೀಕು ಹಾಕಿದ್ದ. ಮಂಗಳವಾರ. ಪಟ್ಟಿ ಅಳಿದದ್ದು ಬುಧವಾರ ಸಂಜೆ.

ಕಾವಲಿನವರು ಎರಡೂ ಪಕ್ಕ ನಿಂತಾಗಲೂ ಲಾರ್ಬಿಯ ಕಣ್ಣು ಆ ಫೋಟೋ ಮೇಲೇ ಇತ್ತು.

ಡಾ. ಒಕಾಂಟಿ ಎದ್ದು ಮೂಲೆಯವರೆಗೆ ನಡೆದು ಹೋದರು. “ಓಪಾನಿನ್ ನ್ಯಾಂಟಾಚಿ, ಹಿರಿಯರೇ, ನಿಮ್ಮ ಮೇಲೆ ಸಂದೇಹಪಟ್ಟಿದ್ದಕ್ಕೆ ನಾಚಿಕೆ ಆಗ್ತಿದೆ. ಕ್ಷಮಿಸಿ.” ಆಮೇಲೆ ಮೇಡಂ ಕಡೆ ತಿರುಗಿ, “ಸೋಮವಾರ ಶುರುಮಾಡೋಕಾಗುತ್ತಾ? ನಾಲ್ಕು ದಿನದ ತಿದ್ದುಪಡಿ ಹೋಯ್ತಲ್ಲ?”

ಉತ್ತರ ಕೊಟ್ಟವಳು ಸೆಲಾಸಿ. ಮಾವನ ನೀಲಿ ನೋಟುಪುಸ್ತಕವನ್ನು ತಲೆಯ ಮೇಲೆ ಎತ್ತಿ ಹಿಡಿದು ಕೂಗಿದಳು: “ಎಲ್ಲಾ ಇದೆ, ಸರ್! ಒಂದೊಂದು ಸಾಲೂ ಇದೆ! ನಾನು ಬೈದಿದ್ದೆಲ್ಲ ವಾಪಸು ತಗೊಂಡೆ, ಮಾವ!”

ಸೋಮವಾರ ಬೆಳಗ್ಗೆ ಎಂಟಕ್ಕೆ ಹನ್ನೊಂದೂ ಆಸ್ಪತ್ರೆಗಳಲ್ಲಿ ಹೊಸ ವ್ಯವಸ್ಥೆ ಶುರುವಾಯಿತು. ತಮಾಲೆಯ ಮೊದಲ ರೋಗಿಯ ಕುಮಾಸಿ ಫೈಲು ಕ್ಷಣದಲ್ಲಿ ಪರದೆಗೆ ಬಂದಾಗ ಗಿಫ್ಟಿ ಅಂಪೊಮಾಳೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಗುಟ್ಟಿನ ಪ್ರಶ್ನೆಯನ್ನು ಮೇಡಂ ಕಿತ್ತೆಸೆದಿದ್ದರು. ಈ ಸಲವೂ ಕೇಕಿಗೆ ನಾನೇ ಓಡಾಡಿದೆ; ಆದರೆ ಬೀಳ್ಕೊಡುಗೆಗಲ್ಲ.

ಕ್ವಾಕು ಮಾವ ಮಾತ್ರ ನನ್ನ ಮೇಜಿನ ಸುತ್ತ ಸುಳಿದಾಡುತ್ತಿದ್ದರು.

“ಅರಾಬಾ, ಆ ಫೋಟೋ ಪೊಲೀಸರು ವಾಪಸು ಕೊಡ್ತಾರಾ?”

“ಅದು ಯಾಕೆ ಬೇಕು ಮಾವ, ಆ ಮನುಷ್ಯನ ಮುಖ ನೋಡೋಕಾ?”

“ಅವನನ್ನ ಕತ್ತರಿಸಿ ಹಾಕು. ನನ್ನ ಕುಣಿತ ಬಹಳ ಚೆನ್ನಾಗಿ ಬಂದಿದೆ.”