ಅರ್ಧ ಹರಿದ ಬಲೆಗಳು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಕಡಲಂಚಿನ ಆ ಕಾಡುದಾರಿಯಲ್ಲಿ ಬೆಳಿಗ್ಗೆ ಮೊದಲು ಹೋದವರ ಮುಖಕ್ಕೆ ಜೇಡರ ಬಲೆ ಮೆತ್ತಿಕೊಳ್ಳುತ್ತದೆ. ಅದಕ್ಕೇ ನನ್ನ ಹೆಂಡತಿ ಕೋಲು ಬೀಸುತ್ತಾ ಮುಂದೆ ನಡೆಯುತ್ತಿದ್ದಳು. ಅವಳು ಕುಳ್ಳಿ. ಅವಳ ತಲೆಯಿಂದ ಮೇಲಿದ್ದ ಬಲೆಯೆಲ್ಲ ನನ್ನ ಮುಖಕ್ಕೇ. "ಅಷ್ಟುದ್ದ ಬೆಳೆಯೋಕೆ ನಿಮಗೆ ಯಾರು ಹೇಳಿದ್ರು?" ಅಂತ ನಗುತ್ತಿದ್ದಳು.

ಅವಳು ತೀರಿಕೊಂಡ ಮೇಲೆ, ಮೊನ್ನೆ ಬೆಳಿಗ್ಗೆ ಒಬ್ಬನೇ ಹೋದೆ. ಒದ್ದೆ ಮರಳಲ್ಲಿ ಒಂದು ಹೆಜ್ಜೆಗುರುತೂ ಇರಲಿಲ್ಲ. ಆದರೂ ದಾರಿಗಡ್ಡ ಇದ್ದ ಪ್ರತಿ ಬಲೆಯೂ ನನ್ನ ಎದೆಮಟ್ಟದವರೆಗೆ ಹರಿದಿತ್ತು. ಮೇಲಿನದು ಮಾತ್ರ ಮುಖಕ್ಕೆ ಮೆತ್ತುತ್ತಿತ್ತು. ಒರೆಸಿಕೊಳ್ಳಲಿಲ್ಲ. "ಸ್ವಲ್ಪ ನಿಧಾನ ಹೋಗೇ" ಅಂದೆ.

ಅವಳು ಯಾವಾಗಲೂ ಸುಸ್ತಾಗಿ ಕೂರುತ್ತಿದ್ದ ಬಂಡೆ ಬಂತು. ಅದರಾಚೆ ಒಂದು ಬಲೆಯೂ ಹರಿದಿರಲಿಲ್ಲ.

ಬಂಡೆಯ ಮೇಲೆ, ಪಕ್ಕದಲ್ಲಿ ಜಾಗ ಬಿಟ್ಟು ಕೂತೆ.