ಪ್ರಾರ್ಥನೆಯಲ್ಲಿ ನಕ್ಕ ಆಯಿ

ಒಳಗಿನ ಕೋಣೆಯಿಂದ ಜೋರಾಗಿ ನಗು ಕೇಳಿಸಿತು. ಚಹಾದ ಕಪ್ ಹಿಡಿದು ಬಾಗಿಲವರೆಗೆ ಬಂದಿದ್ದ ಸುವಾರ್ತಾ ನಿಂತಲ್ಲೇ ನಿಂತಳು.

ಅದು ಅಜ್ಜಿಯ, ಅಂದರೆ ಅವಳ ಆಯಿಯ, ಪ್ರಾರ್ಥನೆಯ ಹೊತ್ತು. ಒಳಗೆ ಆಯಿಯನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ!

ಮೆಲ್ಲಗೆ ಇಣುಕಿದಳು. ಆಯಿ ಬಾಳಮ್ಮ ಮೊಣಕಾಲೂರಿ ಕೂತಿದ್ದಳು. ತಲೆಯ ಮೇಲೆ ಸೆರಗಿತ್ತು, ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು. ಆದರೂ ಹೊಟ್ಟೆ ಕುಣಿಯುವಂತೆ ನಗುತ್ತಿದ್ದಳು.

"ನೋಡಿದಿಲ್ಲೋ ಯೇಸಪ್ಪಾ? ತೊಗರಿ ಹೊಲದಾಗ ಎಲ್ಲಾರ ಮುಂದ ಧಪ್ಪಂತ ಬಿದ್ದೆ. ನೀ ಕೈ ಹಿಡದಿ, ಆದ್ರ ಜರಾ ಲೇಟ್ ಆತು!"

ದೇವರ ಜೊತೆ ಯಾರಾದರೂ ಹೀಗೆ ಮಾತಾಡುತ್ತಾರೆಯೇ? ಸಂಡೇ ಸ್ಕೂಲಿನಲ್ಲಿ ಪ್ರಾರ್ಥನೆಯ ನಡುವೆ ಕಿಸಕ್ಕೆಂದರೆ ಸಾಕು, ಟೀಚರ್ ಕಿವಿ ಹಿಂಡುತ್ತಾರೆ!

ಅದೂ ಇವತ್ತೇ ಸಂಜೆ ಅವರ ಮನೆಯಲ್ಲಿ ಮನೆಪ್ರಾರ್ಥನೆ. ಸಭೆಯವರೆಲ್ಲ ಬರುತ್ತಾರೆ. ಕೊನೆಯ ಪ್ರಾರ್ಥನೆಯನ್ನು ಆ ಮನೆಯ ಹಿರಿಯರೇ ಮಾಡುವುದು ಅವರ ರೂಢಿ. ಆಯಿ ಎಲ್ಲರೆದುರು ಹೀಗೆ ನಕ್ಕುಬಿಟ್ಟರೆ? ನಿಂಬರ್ಗಾ ಊರ ತುಂಬ ಮಾನ ಮೂರಾಬಟ್ಟೆಯಾಗುತ್ತದೆ.

"ಆಯಿ, ಒಬ್ಬಾಕಿನೇ ಯಾಕ ನಗಾಕತ್ತಿದ್ದಿ?"

"ಒಬ್ಬಾಕಿ ಎಲ್ಲಿದ್ನಬೇ?" ಆಯಿ ಕಣ್ಣೊರೆಸಿಕೊಂಡು ಚಹಾ ಈಸಿಕೊಂಡಳು.

"ಸಂಜಿಗಿ ಹಿಂಗ ಮಾಡಬ್ಯಾಡ. ಕಡೀ ಪ್ರಾರ್ಥನಾ ನಾನೇ ಮಾಡ್ತೇನಿ."

ಆಯಿ ಅವಳನ್ನೊಮ್ಮೆ ನೋಡಿದಳು. "ಮಾಡವಾ, ಮಾಡು," ಎಂದಳು. ಸಿಟ್ಟೇನೂ ಮಾಡಲಿಲ್ಲ.

ಸುವಾರ್ತಾ ಮಧ್ಯಾಹ್ನವೆಲ್ಲ ಕೂತು, ಪಾಸ್ಟರ್ ಸರ್ ಆಡುವ ದೊಡ್ಡ ದೊಡ್ಡ ಮಾತುಗಳನ್ನು ಬಾಯಿಪಾಠ ಮಾಡಿದಳು. ಗೆಳತಿ ಸಾಯಿರಾ ಆಡಲು ಕರೆದರೂ ಹೋಗಲಿಲ್ಲ.

ಸಂಜೆ ಜಮಖಾನೆಯ ತುಂಬ ಜನ. ಹಾಡು ಮುಗಿಯಿತು, ಪಾಸ್ಟರ್ ಸರ್ ಮಾತೂ ಮುಗಿಯಿತು. ಅಡುಗೆಮನೆಯಿಂದ ಚುರುಮರಿ ಸುಸಲಾದ ಒಗ್ಗರಣೆಯ ವಾಸನೆ ಬರುತ್ತಿತ್ತು.

"ಕಡೀ ಪ್ರಾರ್ಥನಾ ನಮ್ಮ ಸುವಾರ್ತಾ ಮಾಡ್ತಾಳ್ರಿ," ಎಂದಳು ಆಯಿ. ಎಲ್ಲರೂ ತಲೆ ಬಾಗಿಸಿದರು.

"ಸರ್ವಶಕ್ತನೂ ಪರಾತ್ಪರನೂ ಆದ ಪರಲೋಕದ ತಂದೆಯೇ, ಈ ಸಾಯಂಕಾಲದ..." ಸುವಾರ್ತಾ ಗಟ್ಟಿಯಾಗಿ ಶುರು ಮಾಡಿದಳು. "ಈ ಸಾಯಂಕಾಲದ..."

ಮುಂದೆ? ತಲೆ ಖಾಲಿ. ಒಂದು ಶಬ್ದವೂ ಇಲ್ಲ! ಯಾರೋ ಕೆಮ್ಮಿದರು. ಆಯಿ ಹೇಳಿಕೊಡುತ್ತಾಳೇನೋ ಎಂದು ಕಾದಳು. ಆಯಿ ತಲೆ ಬಾಗಿಸಿಯೇ ಕೂತಿದ್ದಳು.

ಆಗ ಬಾಯಿ ತಾನಾಗಿಯೇ ಮಾತಾಡಿತು.

"ಯೇಸಪ್ಪಾ, ನಂಗ ಮರ್ತೇ ಹೋತು. ಮಧ್ಯಾಹ್ನೆಲ್ಲ ಪಾಠ ಮಾಡೀನಿ, ನೀ ಕೇಳಿದ್ಯಲ್ಲ. ಆ ಮಾತು ನಂಗ ತಿಳಿಯೂದೂ ಇಲ್ಲ. ಆಯಿ ನಮ್ಮ ಮರ್ಯಾದಿ ತೆಗಿತಾಳಂತ ಅಂಜಿದ್ದೆ. ಈಗ ನಾನೇ ತೆಗದೆ ನೋಡು!"

ಅಷ್ಟರಲ್ಲಿ ಫಕ್ಕನೆ ನಗು ಕೇಳಿಸಿತು. ಅದು ಅವಳದೇ ನಗು! ಸುವಾರ್ತಾ ಬೆಚ್ಚಿಬಿದ್ದಳು. ಕಿವಿ ಹಿಂಡಲು ಯಾರೂ ಬರಲಿಲ್ಲ. ಎದುರಿಗೇ ಯಾರೋ ಕೂತು, ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಜೊತೆಗೇ ನಕ್ಕಂತೆ ಅನ್ನಿಸಿತು. ಪ್ರಾರ್ಥನೆಯಲ್ಲಿ ಅವಳಿಗೆ ಇಷ್ಟು ಖುಷಿ ಎಂದೂ ಆಗಿರಲಿಲ್ಲ.

"ಆಮೆನ್," ಎಂದಳು.

"ಆಮೆನ್," ಎಂದರು ಎಲ್ಲರೂ. ಪಾಸ್ಟರ್ ಸರ್ ದನಿಯಲ್ಲೂ ನಗುವಿತ್ತು.

ತಟ್ಟೆಗಳ ಸದ್ದಾಯಿತು. ಸುಸಲಾ ಬಂತು. ಅವ್ವ ಬಂದು ಸುವಾರ್ತಾಳ ಭುಜ ಮುಟ್ಟಿದಳು. "ಕಣ್ಣು ತೆಗಿಯವಾ, ಪ್ರಾರ್ಥನಾ ಮುಗೀತು."

"ತಡಿಯವ್ವಾ," ಎಂದಳು ಸುವಾರ್ತಾ, ಕಣ್ಣು ಮುಚ್ಚಿಕೊಂಡೇ. "ನಂದು ಇನ್ನಾ ಹೇಳೂದದ."